ಗಿರ್ಮಿಟ್ ಕಾಗದ ಓದಿದ ಪಾದ್ರಿ: ಫಿಜಿಯ ಕಬ್ಬಿನ ಗದ್ದೆಗೆ ಹೋದ ಸಿ.ಎಫ್. ಆಂಡ್ರೂಸ್

ಹುಬ್ಬಳ್ಳಿ, ಧಾರವಾಡ, ಗದಗ ಕಡೆಯವರಿಗೆ ಗಿರ್ಮಿಟ್ ಅಂದರೆ ಏನೆಂದು ಹೇಳಬೇಕಿಲ್ಲ. ಚುರುಮುರಿಗೆ ಹುಣಸೆ ಗೊಜ್ಜು ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಪುಠಾಣಿ ಪುಡಿ ಉದುರಿಸಿ, ಪಕ್ಕದಲ್ಲಿ ಒಂದು ಮಿರ್ಚಿ ಇಟ್ಟು ಕೊಡುತ್ತಾರೆ. ಸಂಜೆ ಹೊತ್ತು ಬಸ್ ಸ್ಟ್ಯಾಂಡಿನಲ್ಲಿ ಅದಕ್ಕಿಂತ ಒಳ್ಳೆಯ ತಿಂಡಿ ಇಲ್ಲ.

ಆದರೆ ಇಲ್ಲಿಂದ ಹತ್ತು ಸಾವಿರ ಕಿಲೋಮೀಟರಿಗೂ ದೂರ, ಪೆಸಿಫಿಕ್ ಸಾಗರದ ನಡುವೆ ಫಿಜಿ ಎಂಬ ದ್ವೀಪ ದೇಶವಿದೆ. ಅಲ್ಲಿ ಭಾರತೀಯ ಮೂಲದ ಮನೆಯಲ್ಲಿ 'ಗಿರ್ಮಿಟ್' ಅಂದರೆ ಅಜ್ಜ ಅಜ್ಜಿ ಸುಮ್ಮನಾಗುತ್ತಾರೆ. ಅಲ್ಲಿ ಅದು ತಿಂಡಿಯ ಹೆಸರಲ್ಲ. 'ಅಗ್ರಿಮೆಂಟ್' ಎಂಬ ಇಂಗ್ಲಿಷ್ ಪದ ಓದು ಬಾರದ ಕೂಲಿಗಳ ಬಾಯಲ್ಲಿ 'ಗಿರ್ಮಿಟ್' ಆಯಿತು. ಹೆಬ್ಬೆಟ್ಟು ಒತ್ತಿ ಐದು ವರ್ಷ ಕಬ್ಬಿನ ಗದ್ದೆಗೆ ಮಾರಿಕೊಂಡ ಕರಾರು ಅದು. ಹಾಗೆ ಹೋದವರು ಗಿರ್ಮಿಟಿಯರು.

ಆ ಕಾಗದವನ್ನು ಕೈಯಲ್ಲಿ ಹಿಡಿದು ಸಾಲು ಸಾಲಾಗಿ ಓದಿ, 'ಇಲ್ಲಿ ಬರೆದಿರುವುದು ಅರ್ಧ ಸತ್ಯ' ಎಂದು ತೋರಿಸಿದವರಲ್ಲಿ ಒಬ್ಬರು ಇಂಗ್ಲೆಂಡಿನ ಪಾದ್ರಿ. ಹೆಸರು ಚಾರ್ಲ್ಸ್ ಫ್ರೀರ್ ಆಂಡ್ರೂಸ್. ನಮ್ಮ ಪಠ್ಯಪುಸ್ತಕದಲ್ಲಿ 'ದೀನಬಂಧು ಆಂಡ್ರೂಸ್' ಎಂಬ ಒಂದು ಸಾಲು ಬಂದು ಹೋಗುತ್ತದೆ. 'ಗಾಂಧಿ' ಸಿನಿಮಾ ನೋಡಿದವರಿಗೆ ರೈಲಿನ ಮೇಲೆ ಹತ್ತಿ ಕೂರುವ ಬಿಳಿಯ ಪಾದ್ರಿಯ ನೆನಪಿರಬಹುದು. ಅವರೇ ಇವರು. ಅವರ ಬದುಕಿನ ಉಳಿದ ಭಾಗವನ್ನು ಇಲ್ಲಿ ಹೇಳುತ್ತೇವೆ.

ಬಡತನ ಕಂಡ ಮನೆ

ಆಂಡ್ರೂಸ್ ಹುಟ್ಟಿದ್ದು 1871ರ ಫೆಬ್ರುವರಿ 12ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನಲ್ಲಿ. ಬೆಳೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ತಂದೆ ಒಂದು ಸಣ್ಣ ಕ್ರೈಸ್ತ ಪಂಥದ ಬೋಧಕರು. ಮನೆ ತುಂಬ ಮಕ್ಕಳು. ತಾಯಿಯ ಕಡೆಯಿಂದ ಬಂದಿದ್ದ ಹಣವನ್ನು ನಂಬಿದ ಸ್ನೇಹಿತನೇ ಕಳೆದುಬಿಟ್ಟ. ಮನೆ ಬಡತನಕ್ಕೆ ಬಿತ್ತು. ನಂಬಿಸಿ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ಹುಡುಗ ಮನೆಯಲ್ಲೇ ನೋಡಿದ.

ಕೇಂಬ್ರಿಡ್ಜಿನ ಪೆಂಬ್ರೋಕ್ ಕಾಲೇಜಿನಲ್ಲಿ ಓದಿದರು. ಅಲ್ಲಿ ತಂದೆಯ ಪಂಥ ಬಿಟ್ಟು ಆಂಗ್ಲಿಕನ್ ಚರ್ಚ್, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚ್ ಸೇರಿದರು. 1897ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು. ಮೊದಲು ಕೆಲಸ ಮಾಡಿದ್ದು ದಕ್ಷಿಣ ಲಂಡನ್ನಿನ ವಾಲ್‌ವರ್ತ್ ಎಂಬ ಬಡ ಕೇರಿಯಲ್ಲಿ. ಕೂಲಿಯವರ ಮನೆ, ಕುಡುಕರ ಜಗಳ, ಬಾಡಿಗೆ ಕಟ್ಟಲಾಗದ ವಿಧವೆಯರು. ಆಮೇಲೆ ಫಿಜಿಯಲ್ಲಿ ಕೂಲಿ ಸಾಲುಗಳ ಒಳಗೆ ಹೋಗಿ ಕೂರಲು ಅವರಿಗೆ ಸಂಕೋಚ ಆಗದಿದ್ದರೆ ಅದಕ್ಕೆ ಕಾರಣ ವಾಲ್‌ವರ್ತಿನ ಆ ವರ್ಷಗಳು ಎಂದು ನಮಗೆ ಅನಿಸುತ್ತದೆ.

1904ರ ಮಾರ್ಚ್ 20ರಂದು ಕೇಂಬ್ರಿಡ್ಜ್ ಮಿಷನ್ ಪರವಾಗಿ ದೆಹಲಿಗೆ ಬಂದರು. ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ. ಆ ದಿನವನ್ನು ಅವರು ಕೊನೆಯವರೆಗೂ ತಮ್ಮ ಎರಡನೇ ಹುಟ್ಟುಹಬ್ಬ ಎಂದು ನೆನೆಯುತ್ತಿದ್ದರು.

ಕುರ್ಚಿ ಬೇಡ ಎಂದವರು

ಎರಡು ವರ್ಷದಲ್ಲಿ ಕಾಲೇಜಿನ ಪ್ರಾಂಶುಪಾಲರ ಹುದ್ದೆ ಖಾಲಿಯಾಯಿತು. ಆ ಕಾಲದಲ್ಲಿ ಮಿಷನ್ ಕಾಲೇಜಿನ ಮುಖ್ಯಸ್ಥರು ಬಿಳಿಯರೇ ಆಗಿರಬೇಕು ಎಂಬುದು ಬರೆಯದ ಕಾನೂನು. ಕಾಲೇಜಿನಲ್ಲಿ ಸುಶೀಲ್ ಕುಮಾರ್ ರುದ್ರ ಎಂಬ ಬಂಗಾಳಿ ಕ್ರೈಸ್ತ ಪ್ರಾಧ್ಯಾಪಕರಿದ್ದರು. ಅನುಭವದಲ್ಲಿ ಎಲ್ಲರಿಗಿಂತ ಹಿರಿಯರು. ಆದರೂ ಕೆಲವರು ಆಂಡ್ರೂಸ್ ಹೆಸರು ಹಿಡಿದರು. ಆಂಡ್ರೂಸ್ ಒಪ್ಪಲಿಲ್ಲ, ರುದ್ರರೇ ಆಗಬೇಕು ಎಂದು ಪಟ್ಟು ಹಿಡಿದರು. 1906ರಲ್ಲಿ ರುದ್ರ ಆ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರಾದರು. ಆಂಡ್ರೂಸ್ ಅವರ ಕೈಕೆಳಗೆ ಕೆಲಸ ಮಾಡಿದರು.

ಇಂದು ಇದು ಸಣ್ಣ ವಿಷಯ ಅನಿಸಬಹುದು. ಆದರೆ 1906ರಲ್ಲಿ ಒಬ್ಬ ಇಂಗ್ಲಿಷ್ ಪಾದ್ರಿ ಭಾರತೀಯನನ್ನು ತನ್ನ ಮೇಲಧಿಕಾರಿ ಎಂದು ತಾನಾಗಿ ಒಪ್ಪಿಕೊಳ್ಳುವುದು ಸುಲಭವಿರಲಿಲ್ಲ.

1912ರಲ್ಲಿ ಲಂಡನ್ನಿನಲ್ಲಿ ರವೀಂದ್ರನಾಥ ಟ್ಯಾಗೋರರ ಕವಿತೆಗಳನ್ನು ಕೇಳಿ ಅವರ ಸ್ನೇಹ ಬೆಳೆಸಿದರು. ಮುಂದೆ ಶಾಂತಿನಿಕೇತನವೇ ಅವರ ಮನೆಯಾಯಿತು.

ಡರ್ಬನ್ ಬಂದರಿನಲ್ಲಿ

1913ರ ಕೊನೆಗೆ ದಕ್ಷಿಣ ಆಫ್ರಿಕಾದಲ್ಲಿ ಗಾಂಧಿಯವರ ಸತ್ಯಾಗ್ರಹ ಜೋರಾಗಿತ್ತು. ಕರಾರು ಮುಗಿಸಿದ ಭಾರತೀಯ ಕೂಲಿಗಳ ಮೇಲೆ ಅಲ್ಲಿ ವರ್ಷಕ್ಕೆ 3 ಪೌಂಡ್ ತಲೆಗಂದಾಯ ಹಾಕಿದ್ದರು. ಕಟ್ಟಲಾಗದವನು ಮತ್ತೆ ಕರಾರಿಗೆ ಬೀಳಬೇಕು, ಇಲ್ಲವೇ ದೇಶ ಬಿಡಬೇಕು. ಗೋಖಲೆಯವರು ಕೇಳಿಕೊಂಡ ಮೇಲೆ ಆಂಡ್ರೂಸ್ ಮತ್ತು ಅವರ ಗೆಳೆಯ ವಿಲಿಯಂ ಪಿಯರ್ಸನ್ ಹಡಗು ಹತ್ತಿದರು.

1914ರ ಜನವರಿ 2ರಂದು ಡರ್ಬನ್ ತಲುಪಿದರು. ಗಾಂಧಿ ಎಲ್ಲಿ ಎಂದು ಕೇಳಿದರು. ತಲೆ ಬೋಳಿಸಿಕೊಂಡು, ಕರಾರು ಕೂಲಿಗಳ ಹಾಗೆ ಒರಟು ಬಿಳಿ ಬಟ್ಟೆ ಉಟ್ಟು ನಿಂತಿದ್ದ ಸಣ್ಣ ವ್ಯಕ್ತಿಯನ್ನು ಪಕ್ಕದವರು ತೋರಿಸಿದರು. ಆಂಡ್ರೂಸ್ ಬಗ್ಗಿ ಅವರ ಕಾಲು ಮುಟ್ಟಿದರು. ಮರುದಿನದಿಂದ ಬಿಳಿಯರ ಪತ್ರಿಕೆಗಳಲ್ಲಿ ಗದ್ದಲವೋ ಗದ್ದಲ. ಒಬ್ಬ ಇಂಗ್ಲಿಷ್ ಪಾದ್ರಿ ಏಷ್ಯಾದವನ ಕಾಲು ಮುಟ್ಟುವುದೇ!

ಸ್ಮಟ್ಸ್ ಜೊತೆ ಮಾತುಕತೆಗೆ ಆಂಡ್ರೂಸ್ ನೆರವಾದರು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಮಗ ಮನೆ ತಲುಪುವ ಮೊದಲೇ ತೀರಿಕೊಂಡರು. ಆ ವರ್ಷವೇ ಹೊಸ ಕಾನೂನು ಬಂದು 3 ಪೌಂಡ್ ತೆರಿಗೆ ರದ್ದಾಯಿತು.

ಅಂದಿನಿಂದ ಇಬ್ಬರೂ 'ಮೋಹನ್' ಮತ್ತು 'ಚಾರ್ಲಿ' ಎಂದು ಕರೆದುಕೊಳ್ಳುತ್ತಿದ್ದರು. ಗಾಂಧೀಜಿಯನ್ನು ಮೋಹನ್ ಎಂದು ಕರೆಯುವ ಸಲುಗೆ ಇದ್ದವರು ತೀರ ಕಡಿಮೆ. ಹಾಗೆಂದು ಆಂಡ್ರೂಸ್ ಹೌದಪ್ಪ ಆಗಿರಲಿಲ್ಲ. ಮೊದಲ ಮಹಾಯುದ್ಧಕ್ಕೆ ಸೈನಿಕರನ್ನು ಸೇರಿಸಲು ಗಾಂಧೀಜಿ ಹೊರಟಾಗ ಅದು ತಪ್ಪು ಎಂದು ಬರೆದರು. ವಿದೇಶಿ ಬಟ್ಟೆ ಸುಟ್ಟಾಗಲೂ ವಿರೋಧಿಸಿದರು.

ಫಿಜಿಯಲ್ಲಿ ನಡೆಯುತ್ತಿದ್ದದ್ದು

ಈಗ ಗಿರ್ಮಿಟ್ ವಿಷಯಕ್ಕೆ ಬರೋಣ.

ಬ್ರಿಟಿಷರು ಫಿಜಿಯನ್ನು ಹಿಡಿದದ್ದು 1874ರಲ್ಲಿ. ಕಬ್ಬು ಬೆಳೆಯಲು ಆಳು ಬೇಕಿತ್ತು. ದ್ವೀಪದ ಮೂಲ ಜನರನ್ನು ತೋಟಕ್ಕೆ ಎಳೆಯಬಾರದೆಂದು ಅಲ್ಲಿನ ಗವರ್ನರ್ ತೀರ್ಮಾನಿಸಿದ. ಹಾಗಾದರೆ ಆಳು ಎಲ್ಲಿಂದ? ಭಾರತದಿಂದ. ಮಾರಿಷಸ್, ಟ್ರಿನಿಡಾಡ್, ಗಯಾನಾ, ನಟಾಲ್‌ಗಳಿಗೆ ಈಗಾಗಲೇ ಹಾಗೆ ಸಾಗಿಸುತ್ತಿದ್ದರು. ಗುಲಾಮಗಿರಿ ರದ್ದಾದ ಮೇಲೆ ಶುರುವಾದ ಈ ಪದ್ಧತಿಯಲ್ಲಿ ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲು ದಾಟಿದರು.

'ಲಿಯೋನಿಡಾಸ್' ಎಂಬ ಮೊದಲ ಹಡಗು ಫಿಜಿ ಮುಟ್ಟಿದ್ದು 1879ರ ಮೇ 14ರಂದು. ಹಡಗಿನಲ್ಲೇ ಕಾಲರಾ, ಸಿಡುಬು ಬಂದು ಕೆಲವರು ಸತ್ತಿದ್ದರು. ಅಲ್ಲಿಂದ 1916ರವರೆಗೆ 60 ಸಾವಿರಕ್ಕೂ ಹೆಚ್ಚು ಜನ ಹೋದರು. ಮೊದಲು ಉತ್ತರ ಪ್ರದೇಶ, ಬಿಹಾರದವರು ಕಲ್ಕತ್ತದಿಂದ ಹೊರಟರು. 1903ರಿಂದ ದಕ್ಷಿಣದವರೂ ಮದರಾಸಿನಿಂದ ಹಡಗು ಹತ್ತಿದರು.

ಜನರನ್ನು ಹಿಡಿಯಲು ಏಜೆಂಟರಿದ್ದರು. ಉತ್ತರದಲ್ಲಿ ಅವರನ್ನು 'ಅರ್ಕಾಟಿ' ಎನ್ನುತ್ತಿದ್ದರು. ಅವರಿಗೆ ತಲೆಗೆ ಇಷ್ಟು ಎಂದು ಕಮಿಷನ್, ಹೆಂಗಸಾದರೆ ಇನ್ನೂ ಹೆಚ್ಚು. ಜಾತ್ರೆ, ಯಾತ್ರಾಸ್ಥಳ, ರೈಲ್ವೆ ಸ್ಟೇಷನ್ನುಗಳಲ್ಲಿ ಕಾಯುತ್ತಿದ್ದರು. ಮನೆಯಲ್ಲಿ ಜಗಳವಾಡಿ ಬಂದವನು, ಬರಗಾಲದಲ್ಲಿ ಊರು ಬಿಟ್ಟವನು, ಗಂಡ ಸತ್ತ ಹೆಂಗಸು, ಇಂಥವರನ್ನು ಮಾತಾಡಿಸುತ್ತಿದ್ದರು. 'ಕೆಲಸ ಇದೆ, ದಿನಕ್ಕೆ 12 ಆಣೆ' ಎನ್ನುತ್ತಿದ್ದರು. ಫಿಜಿ ಎಲ್ಲಿದೆ ಎಂದು ಕೇಳಿದರೆ ಕಲ್ಕತ್ತದ ಹತ್ತಿರ ಎಂದದ್ದೂ ಉಂಟು. ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದರೆ ಮುಗಿಯಿತು.

ಕರಾರು ಐದು ವರ್ಷದ್ದು. ಐದು ವರ್ಷ ಮುಗಿದ ಮೇಲೆ ಊರಿಗೆ ಬರಬಹುದು, ಆದರೆ ಹಡಗಿನ ಖರ್ಚು ತನ್ನದೇ. ಪುಕ್ಕಟೆ ಟಿಕೆಟ್ ಬೇಕಾದರೆ ಹತ್ತು ವರ್ಷ ಅಲ್ಲಿರಬೇಕು. ಅಷ್ಟರಲ್ಲಿ ಊರಿನಲ್ಲಿ ಯಾರು ಉಳಿದಿರುತ್ತಾರೆ?

ಹೆಚ್ಚಿನವರು ದುಡಿದದ್ದು ಕಲೋನಿಯಲ್ ಶುಗರ್ ರಿಫೈನಿಂಗ್ ಎಂಬ ಆಸ್ಟ್ರೇಲಿಯಾದ ಸಕ್ಕರೆ ಕಂಪನಿಯ ತೋಟಗಳಲ್ಲಿ. ಇರಲು 'ಲೈನ್' ಎಂಬ ಉದ್ದ ಸಾಲು ಕೊಠಡಿಗಳು. ಒಂದು ಕೊಠಡಿ 10 ಅಡಿ ಉದ್ದ, 7 ಅಡಿ ಅಗಲ. ಅದರಲ್ಲಿ ಮೂವರು ಗಂಡಸರು, ಇಲ್ಲವೇ ಒಂದು ಸಂಸಾರ. ಅಲ್ಲೇ ಒಲೆ, ಅಲ್ಲೇ ಹಾಸಿಗೆ. ಗೋಡೆ ಸೂರಿಗೆ ಮುಟ್ಟುತ್ತಿರಲಿಲ್ಲವಾದ್ದರಿಂದ ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೇಳುತ್ತಿತ್ತು.

ಬೆಳಗ್ಗೆ ಪ್ರತಿಯೊಬ್ಬರಿಗೂ ಅಳತೆ ಮಾಡಿ ಕೆಲಸ ಕೊಡುತ್ತಿದ್ದರು. ಅಳತೆ ಮುಗಿಯದಿದ್ದರೆ ಪೂರ್ತಿ ಕೂಲಿ ಇಲ್ಲ. ಕೆಲಸಕ್ಕೆ ಬಾರದಿದ್ದರೆ ಅದು ಕ್ರಿಮಿನಲ್ ಅಪರಾಧ, ದಂಡ ಇಲ್ಲವೇ ಜೈಲು. ತಪ್ಪಿಸಿದ ದಿನಗಳನ್ನು ಕರಾರಿನ ಕೊನೆಗೆ ಸೇರಿಸಿ ಅವಧಿ ಬೆಳೆಸುತ್ತಿದ್ದರು. ಬಿಳಿಯ ಮೇಲ್ವಿಚಾರಕನನ್ನು ಕೂಲಿಗಳು 'ಕುಲಂಬರ್' ಎನ್ನುತ್ತಿದ್ದರು. ಅವನ ಕೆಳಗೆ ನಮ್ಮವನೇ ಆದ ಸರ್ದಾರ. ಇಬ್ಬರ ಕೈಯಲ್ಲೂ ಏಟು.

ನಿಯಮದ ಪ್ರಕಾರ 100 ಗಂಡಸರಿಗೆ 40 ಹೆಂಗಸರನ್ನು ಸಾಗಿಸುತ್ತಿದ್ದರು. ಇದರಿಂದ ಹೆಂಗಸರ ಪಾಡು ಏನಾಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ಕುಂತಿ ಎಂಬ ದಲಿತ ಹೆಂಗಸು ಮೇಲ್ವಿಚಾರಕನಿಂದ ತಪ್ಪಿಸಿಕೊಳ್ಳಲು ನದಿಗೆ ಹಾರಿದಳು. ದೋಣಿಯಲ್ಲಿದ್ದ ಹುಡುಗನೊಬ್ಬ ಎಳೆದು ಉಳಿಸಿದ. ಅವಳ ಕಥೆ ಭಾರತದ ಪತ್ರಿಕೆಯಲ್ಲಿ ಅಚ್ಚಾಗಿ ದೇಶ ಬೆಚ್ಚಿಬಿದ್ದಿತು. ಲೈನುಗಳಲ್ಲಿ ಕೊಲೆ, ಆತ್ಮಹತ್ಯೆ ಊರಿನಲ್ಲಿ ಇದ್ದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಇದನ್ನೆಲ್ಲ ಮೊದಲು ಹೇಳಿದವರು ಗಿರ್ಮಿಟಿಯರೇ. ತೋತಾರಾಮ್ ಸನಾಢ್ಯ ಎಂಬುವರು 21 ವರ್ಷ ಫಿಜಿಯಲ್ಲಿದ್ದು ಊರಿಗೆ ಬಂದು ತಮ್ಮ ಅನುಭವವನ್ನು ಹಿಂದಿಯಲ್ಲಿ ಪುಸ್ತಕ ಮಾಡಿಸಿದ್ದರು. ಆದರೆ ಸರ್ಕಾರ ಕೂಲಿಯ ಮಾತು ನಂಬುತ್ತದೆಯೇ?

ಐದು ವಾರ, ಒಂದು ವರದಿ

1915ರ ಕೊನೆಗೆ ಆಂಡ್ರೂಸ್ ಮತ್ತು ಪಿಯರ್ಸನ್ ಫಿಜಿಗೆ ಹೋದರು. ಸರ್ಕಾರ ಕಳಿಸಿದ್ದಲ್ಲ, ತಾವಾಗಿಯೇ ಹೋದದ್ದು. ಸುಮಾರು ಐದು ವಾರ ಇದ್ದರು. ತೋಟದ ಮಾಲೀಕರನ್ನು ಕಂಡರು, ಅಧಿಕಾರಿಗಳನ್ನು ಕಂಡರು. ಆಮೇಲೆ ಲೈನುಗಳಿಗೆ ಹೋಗಿ ಕೂಲಿಗಳ ಜೊತೆ ಕೂತರು. ಆಸ್ಪತ್ರೆ, ಜೈಲು, ಕೋರ್ಟು ಸುತ್ತಿದರು. 1916ರಲ್ಲಿ 'ಫಿಜಿಯಲ್ಲಿ ಕರಾರು ಕೂಲಿ: ಒಂದು ಸ್ವತಂತ್ರ ವಿಚಾರಣೆ' ಎಂಬ ಅರ್ಥದ ಹೆಸರಿನಲ್ಲಿ ವರದಿ ತಂದರು.

ಪತ್ರಿಕೆ ಕೆಲಸ ಮಾಡುವ ನಮಗೆ ಆ ವರದಿಯಲ್ಲಿ ಇಷ್ಟವಾಗುವುದು ಕಾಗದ ಓದಿದ ರೀತಿ. ಗಿರ್ಮಿಟ್ ಕಾಗದದಲ್ಲಿ ಗಂಡಸಿಗೆ ದಿನಕ್ಕೆ 1 ಶಿಲ್ಲಿಂಗ್, ಅಂದರೆ 12 ಆಣೆ ಎಂದಿತ್ತು. ಹೆಂಗಸಿಗೆ 9 ಆಣೆ. ಭಾರತದ ಹಳ್ಳಿಯಲ್ಲಿ ಕೂತು ಕೇಳಿದರೆ ಇದು ದೊಡ್ಡ ಮೊತ್ತ. ಆದರೆ ಫಿಜಿಯಲ್ಲಿ ಅಕ್ಕಿ ಬೇಳೆಯ ಬೆಲೆ ಎಷ್ಟು ಎಂದು ಕಾಗದದಲ್ಲಿ ಇರಲಿಲ್ಲ. ಕೆಲಸ ತಪ್ಪಿಸಿದರೆ ಜೈಲು ಎಂಬ ಮಾತೂ ಅದರಲ್ಲಿ ಇರಲಿಲ್ಲ. ಬರೆದದ್ದು ಸುಳ್ಳಲ್ಲ, ಆದರೆ ಬರೆಯದೆ ಬಿಟ್ಟದ್ದರಲ್ಲಿ ಮೋಸ ಇತ್ತು. ಬೈಗುಳವಿಲ್ಲದೆ, ಇದನ್ನು ಒಂದೊಂದಾಗಿ ಪಕ್ಕ ಪಕ್ಕ ಇಟ್ಟು ತೋರಿಸಿದರು.

1916ರ ಮಾರ್ಚಿನಲ್ಲಿ ಮದನ ಮೋಹನ ಮಾಳವೀಯರು ವೈಸರಾಯ್ ಸಭೆಯಲ್ಲಿ ಈ ಪದ್ಧತಿ ನಿಲ್ಲಿಸಬೇಕೆಂಬ ಗೊತ್ತುವಳಿ ತಂದರು. ವೈಸರಾಯ್ ಹಾರ್ಡಿಂಜ್ ಒಪ್ಪಿಕೊಂಡರು. ಎಲ್ಲ ಮುಗಿಯಿತು ಎಂದು ಜನ ಅಂದುಕೊಂಡರು.

ಮುಗಿದಿರಲಿಲ್ಲ. 'ತಕ್ಕ ಸಮಯದಲ್ಲಿ' ನಿಲ್ಲಿಸುತ್ತೇವೆ ಎಂಬುದರ ಹಿಂದೆ ಇನ್ನೂ ಐದು ವರ್ಷ ಆಳು ಕಳಿಸುವ ಯೋಚನೆ ಇತ್ತು. ಇದು ಗೊತ್ತಾದಾಗ ಆಂಡ್ರೂಸ್ ಮತ್ತೆ ಬೀದಿಗಿಳಿದರು. ಗಾಂಧೀಜಿ, ಸರೋಜಿನಿ ನಾಯ್ಡು ಸಭೆಗಳಲ್ಲಿ ಮಾತಾಡಿದರು. ಹೆಂಗಸರ ನಿಯೋಗ ವೈಸರಾಯರ ಬಳಿ ಹೋಯಿತು. 1917ರ ಮಾರ್ಚಿನಲ್ಲಿ ಯುದ್ಧಕಾಲದ ಕಾನೂನಿನಡಿ ಹೊಸ ಆಳು ಕಳಿಸುವುದು ನಿಂತಿತು.

ಆದರೆ ಆಗಲೇ ಹೋದವರ ಗತಿ? ಅವರ ಕರಾರು ಇನ್ನೂ ಉಳಿದಿತ್ತು. 1917ರಲ್ಲಿ ಆಂಡ್ರೂಸ್ ಎರಡನೇ ಸಲ ಫಿಜಿಗೆ ಹೋದರು. ಆಸ್ಟ್ರೇಲಿಯಾದ ಮಹಿಳಾ ಸಂಘಗಳ ಮುಂದೆ ಮಾತಾಡಿದರು. ಈ ಪಾದ್ರಿ ಉತ್ಪ್ರೇಕ್ಷೆ ಮಾಡುತ್ತಾನೆ ಎಂಬ ಕಂಪನಿ ಕಡೆಯ ಮಾತೂ ಅಲ್ಲಿ ಇತ್ತು. ಆ ಸಂಘಗಳು 1918ರಲ್ಲಿ ಫ್ಲಾರೆನ್ಸ್ ಗಾರ್ನಮ್ ಎಂಬ ಮಹಿಳೆಯನ್ನು ತಾವೇ ಪರಿಶೀಲನೆಗೆ ಕಳಿಸಿದವು. ಆಕೆಯ ವರದಿ ಆಂಡ್ರೂಸ್ ಹೇಳಿದ್ದನ್ನೇ ಗಟ್ಟಿ ಮಾಡಿತು. ಕೊನೆಗೆ 1920ರ ಜನವರಿ 1ರಿಂದ ಫಿಜಿಯಲ್ಲಿ ಉಳಿದಿದ್ದ ಎಲ್ಲ ಕರಾರುಗಳೂ ರದ್ದಾದವು. ಗಿರ್ಮಿಟ್ ಮುಗಿಯಿತು.

ವರದಿಯ ತಪ್ಪು, ನಮ್ಮ ತಪ್ಪು

ಆಂಡ್ರೂಸ್ ವರದಿಯಲ್ಲಿ ಎಲ್ಲವೂ ಸರಿಯಾಗಿತ್ತೇ? ಇಲ್ಲ. ಲೈನಿನ ಹೆಂಗಸರು ನೀತಿಗೆಟ್ಟರು ಎಂಬ ದುಃಖವೇ ಅದರಲ್ಲಿ ಹೆಚ್ಚು ಕಾಣುತ್ತದೆ. ಬೆಳಗಿನಿಂದ ಗದ್ದೆಯಲ್ಲಿ ದುಡಿದು, ಮಕ್ಕಳನ್ನು ಸಾಕಿ, ಏಟು ತಿಂದು ಬದುಕಿದವರು ಎಂಬುದು ಕಡಿಮೆ ಕಾಣುತ್ತದೆ. ಗಿರ್ಮಿಟಿಯರ ವಂಶದಲ್ಲೇ ಹುಟ್ಟಿದ ಫಿಜಿಯ ಇತಿಹಾಸಕಾರ ಬ್ರಿಜ್ ಲಾಲ್ ಮುಂದೆ ಇದನ್ನು ಪ್ರಶ್ನಿಸಿದರು. ಪದ್ಧತಿಯ ತಪ್ಪನ್ನು ಹೆಂಗಸರ ನಡತೆಯ ಮೇಲೆ ಹೊರಿಸಬಾರದು ಎಂಬುದು ಅವರ ವಾದ. ಆ ಮಾತು ಸರಿ ಎಂದೇ ನಮಗೂ ಅನಿಸುತ್ತದೆ. ಕೇಳಿಸಿಕೊಳ್ಳಲು ಹೋದವರೂ ತಮಗೆ ಕೇಳಬೇಕಾದದ್ದನ್ನೇ ಕೇಳಿಸಿಕೊಂಡು ಬರುವುದುಂಟು.

ಆದರೆ ಅವರನ್ನು ತೂಗುವ ಮೊದಲು ನಮ್ಮದನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಾವು ಕಬ್ಬು ಕಡಿಯಲು ಬಂದ ಗ್ಯಾಂಗಿನ ಬಗ್ಗೆ ಒಂದು ಸುದ್ದಿ ಬರೆದೆವು. ಮುಂಗಡ ಕೊಟ್ಟು ಕರೆತಂದ ಮುಕಾದಮನನ್ನು ಕೇಳಿದೆವು. ಹೊಲದ ಮಾಲೀಕರನ್ನು ಕೇಳಿದೆವು. ಕಾರ್ಖಾನೆಯವರಿಗೆ ಫೋನ್ ಮಾಡಿದೆವು. ರಸ್ತೆಯಲ್ಲಿ ನಿಂತು ಗುಡಿಸಲಿನ ಫೋಟೊ ತೆಗೆದೆವು. ಸುದ್ದಿ ಚೆನ್ನಾಗಿ ಬಂತು, ಮೂರು ಕಾಲಂ. ಎರಡು ದಿನದ ಮೇಲೆ ಆ ದಾರಿಯಲ್ಲಿ ಹೋಗುವಾಗ ಗ್ಯಾಂಗಿನ ಒಬ್ಬ ಹೆಂಗಸು ಬೈಕ್ ನಿಲ್ಲಿಸಿದಳು.

'ನಮ್ಮ ಸುದ್ದಿ ಪೇಪರ್‌ನ್ಯಾಗ ಬಂದೈತಂತಲ್ರಿ. ನಮ್ಮನ್ನ ಯಾರ್ ಕೇಳಿದ್ರಿ?'

ಉತ್ತರ ನಮ್ಮ ಹತ್ತಿರ ಇರಲಿಲ್ಲ. ರಸ್ತೆಯಿಂದ ಗುಡಿಸಲಿಗೆ ಐವತ್ತು ಹೆಜ್ಜೆ ಇರಬಹುದು. ಆಂಡ್ರೂಸ್ ಕಡಲು ದಾಟಿ ಹೋಗಿ ಕೂತರು. ನಾವು ಐವತ್ತು ಹೆಜ್ಜೆ ಇಡಲಿಲ್ಲ. ಈ ಲೇಖನ ಬರೆಯಲು ಕೂತದ್ದಕ್ಕೆ ಆ ಪ್ರಶ್ನೆಯೂ ಒಂದು ಕಾರಣ.

ಪಾದ್ರಿಯೋ ಅಲ್ಲವೋ

ಚರ್ಚಿನವರಿಗೆ ಆಂಡ್ರೂಸ್ ಒಂದು ತಲೆನೋವು. 1914ರಲ್ಲಿ ಶಾಂತಿನಿಕೇತನಕ್ಕೆ ಹೋದಾಗ ಪಾದ್ರಿಯ ಕೆಲಸ ನಿಲ್ಲಿಸಿದರು. ತಮ್ಮ ಪಂಥದ ನಂಬಿಕೆ ಇಲ್ಲದವರು ನಾಶವಾಗುತ್ತಾರೆ ಎನ್ನುವ ಹಳೆಯ ಸೂತ್ರವನ್ನು ಪ್ರಾಮಾಣಿಕವಾಗಿ ಹೇಳಲು ತಮ್ಮಿಂದ ಆಗದು ಎಂದರು. ಆದರೆ ಕ್ರಿಸ್ತನನ್ನು ಬಿಡಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮತ್ತೆ ಪಾದ್ರಿಯಾಗಿ ಸೇವೆಗೆ ನಿಂತರು. ಅವರ ಹೆಸರಿನ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಿಡಿಸಿ 'ಕ್ರಿಸ್ತನ ನಿಷ್ಠಾವಂತ ದೂತ' ಎಂದು ಅರ್ಥ ಹೇಳುವುದು ಗೆಳೆಯರಲ್ಲಿ ರೂಢಿಯಾಗಿತ್ತು.

ಉಳಿದ ಬದುಕೆಲ್ಲ ಓಡಾಟ. 1919ರಲ್ಲಿ ಜಲಿಯನ್‌ವಾಲಾ ಬಾಗ್ ಹತ್ಯೆಯ ನಂತರ ಪಂಜಾಬಿಗೆ ಹೊರಟವರನ್ನು ಅಮೃತಸರ ಸ್ಟೇಷನ್ನಿನಲ್ಲೇ ತಡೆದು ವಾಪಸ್ ಕಳಿಸಿದರು. ನಿರ್ಬಂಧ ತೆಗೆದ ಮೇಲೆ ಹೋಗಿ ಹಳ್ಳಿ ಹಳ್ಳಿಯಲ್ಲಿ ಜನರ ಮಾತು ಸಂಗ್ರಹಿಸಿದರು. ಕೆನ್ಯಾದಲ್ಲಿ ರೈಲಿನಲ್ಲಿ ಹೋಗುವಾಗ ಬಿಳಿಯ ವಸಾಹತುಗಾರರು ಅವರ ಮೇಲೆ ಕೈ ಮಾಡಿದರು. 1921ರಲ್ಲಿ ಅಸ್ಸಾಮಿನ ಚಹಾ ತೋಟ ಬಿಟ್ಟು ಹೊರಟ ಕೂಲಿಗಳು ಚಾಂದ್‌ಪುರದಲ್ಲಿ ಸಿಕ್ಕಿಬಿದ್ದು ಕಾಲರಾದಿಂದ ಸಾಯುತ್ತಿದ್ದಾಗ ಅವರ ನಡುವೆ ಇದ್ದರು. ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್‌ನ ಅಧ್ಯಕ್ಷರೂ ಆದರು. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. ಖಾದಿ ಧೋತಿ, ಉದ್ದ ಗಡ್ಡ. ಕೈಗೆ ಬಂದ ಹಣ, ಬಟ್ಟೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದರು. ಕೊನೆಯವರೆಗೂ ಬಿಡದೆ ಪತ್ರಿಕೆಗಳಿಗೆ ಬರೆದರು. ಒಂದು ಲೆಕ್ಕದಲ್ಲಿ ನಮ್ಮ ಹಾಗೆ ಊರೂರು ತಿರುಗುವ ಬಾತ್ಮೀದಾರರೇ.

1936ರಲ್ಲಿ ಮೂರನೇ ಸಲ ಫಿಜಿಗೆ ಹೋದರು. 1940ರ ಏಪ್ರಿಲ್ 5ರಂದು ಕಲ್ಕತ್ತದಲ್ಲಿ ತೀರಿಕೊಂಡರು. ಅದಕ್ಕೆ ಮೊದಲು ಗಾಂಧೀಜಿ ಆಸ್ಪತ್ರೆಗೆ ಹೋಗಿ ನೋಡಿ ಬಂದಿದ್ದರು. ಇಂಗ್ಲೆಂಡಿಗೆ ಒಯ್ಯಲಿಲ್ಲ, ಅಲ್ಲೇ ಲೋವರ್ ಸರ್ಕ್ಯುಲರ್ ರಸ್ತೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. 1971ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಭಾರತ ಸರ್ಕಾರ ಅಂಚೆಚೀಟಿ ತಂದಿತು.

ಫಿಜಿಯಲ್ಲಿ ಉಳಿದ ಗಿರ್ಮಿಟಿಯರ ಮಕ್ಕಳು ಮೊಮ್ಮಕ್ಕಳು ಗೇಣಿಗೆ ಜಮೀನು ಹಿಡಿದು ತಾವೇ ಕಬ್ಬು ಬೆಳೆದರು, ಶಾಲೆ ಕಟ್ಟಿದರು. 1999ರಲ್ಲಿ ಆ ವಂಶದ ಮಹೇಂದ್ರ ಚೌಧರಿ ದೇಶದ ಪ್ರಧಾನಿಯೂ ಆದರು. ಮೊದಲ ಹಡಗು ಬಂದ ಮೇ 14 ಅಲ್ಲಿ ಗಿರ್ಮಿಟ್ ದಿನ. 2023ರಿಂದ ಅದಕ್ಕೆ ಸರ್ಕಾರಿ ರಜೆಯೂ ಇದೆ.

ಊರಿನಲ್ಲಿ ಯಾರಾದರೂ ಮುಂಗಡ ಹಣ ಹಿಡಿದು ಬಂದು 'ಇಲ್ಲಿ ಒಂದು ಸಹಿ ಹಾಕು' ಎಂದರೆ, ಸಹಿಗೆ ಮೊದಲು ಓದು ಬಲ್ಲವರಿಂದ ಕಾಗದ ಪೂರ್ತಿ ಓದಿಸಿ. ಬರೆದದ್ದು ಕೇಳಿದ ಮೇಲೆ, ಏನು ಬರೆದಿಲ್ಲ ಎಂದೂ ಕೇಳಿ. ಕೂಲಿ ಎಷ್ಟು ಎಂಬುದರ ಜೊತೆಗೆ ಅಲ್ಲಿ ಅಕ್ಕಿ ಎಷ್ಟು, ಬಿಟ್ಟು ಬರಬೇಕೆಂದರೆ ಏನು ಗತಿ ಎಂದು ಕೇಳಿ. ನಮ್ಮನ್ನು ಕರೆದರೆ ನಾವೂ ಬಂದು ಓದಿ ಹೇಳುತ್ತೇವೆ. ಈ ಸಲ ರಸ್ತೆಯಲ್ಲಿ ನಿಲ್ಲುವುದಿಲ್ಲ.